ಯಕ್ಷಗಾನ ಮೇಳಗಳ ಅರ್ಥವ್ಯವಸ್ಥೆ

ಕರ್ನಾಟಕದ ಕರಾವಳಿ, ಅದಕ್ಕೆ ತಾಗಿದ ಮಲೆನಾಡು ಮತ್ತು ಕೇರಳಕ್ಕೆ ಸೇರಿದ ಕಾಸರಗೋಡು ಪ್ರದೇಶದಲ್ಲಿ ವೃತ್ತಿಪರ ಯಕ್ಷಗಾನ ತಂಡಗಳನ್ನು ನೆಚ್ಚಿಕೊಂಡು ಬೆಳೆದಿರುವ ದುಡಿಮೆ ಮತ್ತು ಹಣದ ಓಡಾಟ. ಮೇಳದಲ್ಲಿ ಪದ್ಯ ಹಾಡುವ ಭಾಗವತ, ವೇಷಧಾರಿಗಳಿಂದ ತೊಡಗಿ ಮೇಳ ಹೊರಡಿಸುವ ದೇವಸ್ಥಾನ, ಆಟ ಆಡಿಸುವ ಸೇವಾಕರ್ತ, ಕಿರೀಟ ಕೆತ್ತುವವ, ಚೆಂಡೆ ಬಿಗಿಯುವವ, ಧ್ವನಿವರ್ಧಕದವ, ಅಡುಗೆಯವ, ಬಯಲಿನ ಅಂಚಿನಲ್ಲಿ ಗ್ಯಾಸ್‌ಲೈಟಿನ ಕೆಳಗೆ ಚರುಮುರಿ ಕಲಸುವವನವರೆಗೆ ಇದರ ವ್ಯಾಪ್ತಿ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳು ಇದರ ಮುಖ್ಯ ನೆಲೆ. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಪಶ್ಚಿಮದ ತಾಲೂಕುಗಳಲ್ಲೂ ಮೇಳಗಳ ಓಡಾಟವಿದೆ. ತೆಂಕುತಿಟ್ಟು, ಬಡಗುತಿಟ್ಟು ಎಂಬ ಭೇದ ಕುಣಿತಕ್ಕೂ ವೇಷಕ್ಕೂ ಸಂಬಂಧಿಸಿದ್ದು. ದುಡ್ಡಿನ ವಿಷಯಕ್ಕೆ ಬಂದರೆ ಎರಡೂ ತಿಟ್ಟುಗಳು ಒಂದೇ ಹಾದಿ ಹಿಡಿದಿವೆ.

‘ಸೃಜನಶೀಲ ಅರ್ಥವ್ಯವಸ್ಥೆ’ ಎಂಬ ಮಾತು ಈಚಿನದು. ವಿಶ್ವಸಂಸ್ಥೆ 2021ನ್ನು ಸುಸ್ಥಿರ ಅಭಿವೃದ್ಧಿಗಾಗಿ ಸೃಜನಶೀಲ ಅರ್ಥವ್ಯವಸ್ಥೆಯ ಅಂತಾರಾಷ್ಟ್ರೀಯ ವರ್ಷ ಎಂದು ಆಚರಿಸಿತು. ಸಿನಿಮಾ, ವಿನ್ಯಾಸ, ಸಾಫ್ಟ್‌ವೇರ್ ಆಟಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ ಈ ಪರಿಕಲ್ಪನೆಯ ಪಟ್ಟಿಯಲ್ಲಿ ಬಯಲಾಟದ ಮೇಳಕ್ಕೆ ಸಾಮಾನ್ಯವಾಗಿ ಜಾಗ ಸಿಗುವುದಿಲ್ಲ. ಆದರೆ ಮಣಿಪಾಲದಿಂದ ಹೊರಡುವ ‘ಉದಯವಾಣಿ’ಯ ‘ಇಂದಿನ ಯಕ್ಷಗಾನ’ ಅಂಕಣವನ್ನು ಜನವರಿಯ ಯಾವುದಾದರೊಂದು ಬೆಳಿಗ್ಗೆ ನೋಡಿದರೆ ಸಂಗತಿ ಸ್ಪಷ್ಟವಾಗುತ್ತದೆ. ಯಾವ ಮೇಳ, ಯಾವ ಊರಿನ ಯಾವ ಗದ್ದೆ ಅಥವಾ ಶಾಲೆಯ ವಠಾರ, ಯಾವ ಪ್ರಸಂಗ ಎಂಬ ಚುಟುಕು ಸಾಲುಗಳು ಒಂದರ ಕೆಳಗೊಂದು ಸಾಗುತ್ತವೆ. ಮೀನು ಮಾರುಕಟ್ಟೆಗೆ, ಅಡಕೆ ಮಂಡಿಗೆ ಧಾರಣೆಯ ಪಟ್ಟಿ ಇದ್ದಂತೆ ಈ ಕಸುಬಿಗೆ ಇದೊಂದು ದಿನಚರಿ.

ತಿರುಗಾಟ

ಮೇಳದ ಕೆಲಸದ ಅವಧಿಗೆ ‘ತಿರುಗಾಟ’ ಎಂದು ಹೆಸರು. ಭತ್ತದ ಕೊಯ್ಲು ಮುಗಿದು ಗದ್ದೆ ಒಣಗುವ ಹೊತ್ತಿಗೆ, ಸುಮಾರು ನವೆಂಬರಿನಲ್ಲಿ, ದೇವಸ್ಥಾನದ ಎದುರು ಗೆಜ್ಜೆ ಕಟ್ಟಿ ಮೊದಲ ಸೇವೆಯಾಟ ಆಡಿ ಮೇಳ ಹೊರಡುತ್ತದೆ. ತುಳು ಪಂಚಾಂಗದ ಬೇಷ ತಿಂಗಳ ಹತ್ತನೆಯ ದಿನ, ಅಂದರೆ ಮೇ ತಿಂಗಳ 24 ಅಥವಾ 25ರ ಸುಮಾರಿಗೆ ಬರುವ ‘ಪತ್ತನಾಜೆ’ಯಂದು ಗೆಜ್ಜೆ ಬಿಚ್ಚುತ್ತದೆ. ಈ ಗಡಿಗಳನ್ನು ಗೊತ್ತುಮಾಡಿದ್ದು ಮಳೆ ಮತ್ತು ಬೇಸಾಯ. ಗದ್ದೆ ಖಾಲಿ ಇದ್ದಾಗ ಮಾತ್ರ ರಂಗಸ್ಥಳಕ್ಕೆ ಜಾಗ, ರೈತನ ಕೈಯಲ್ಲಿ ಕಾಸು, ನೋಡುವವನಿಗೆ ಬಿಡುವು.

ನಡುವಿನ ಆರು ತಿಂಗಳು ಮೇಳಕ್ಕೆ ಹೆಚ್ಚುಕಡಿಮೆ ದಿನಕ್ಕೊಂದು ಊರು. ಒಂದು ಮೇಳ ಎಂದರೆ ಹಾಡು-ವಾದ್ಯದ ಹಿಮ್ಮೇಳ, ವೇಷಧಾರಿಗಳ ಮುಮ್ಮೇಳದವರ ಜೊತೆಗೆ ರಂಗಸ್ಥಳ ಕಟ್ಟುವವರು, ಪೆಟ್ಟಿಗೆ ಕಾಯುವವರು, ಅಡುಗೆಯವರು, ಲಾರಿ-ಬಸ್ಸಿನ ಚಾಲಕರು ಸೇರಿ ನಲವತ್ತರ ಆಸುಪಾಸಿನ ಜನ. 180 ದಿನ, ನಲವತ್ತು ಜನ ಎಂದು ಲೆಕ್ಕ ಹಿಡಿದರೆ ಒಂದು ಮೇಳ ಒಂದು ತಿರುಗಾಟದಲ್ಲಿ ಏಳು ಸಾವಿರಕ್ಕೂ ಮಿಕ್ಕಿ ಆಳುದಿನಗಳ ಕೆಲಸ ಕೊಟ್ಟಂತಾಯಿತು. ಕಟೀಲು ಶ್ರೀ ದುರ್ಗಾಪರಮೇಶ್ವರಿ ದೇವಸ್ಥಾನ ಒಂದಲ್ಲ, ಆರು ಮೇಳಗಳನ್ನು ಬಹುಕಾಲ ನಡೆಸಿಕೊಂಡು ಬಂದಿದೆ. ಆ ಕ್ಷೇತ್ರದ ಹೆಸರಿನಲ್ಲೇ ವರ್ಷಕ್ಕೆ ಸಾವಿರ ಆಟ. ಬಡಗಿನಲ್ಲಿ ಮಂದಾರ್ತಿ ಐದು ಮೇಳಗಳ ಕ್ಷೇತ್ರ. ಮಾರಣಕಟ್ಟೆ, ಕಮಲಶಿಲೆ, ಧರ್ಮಸ್ಥಳ, ಸಾಲಿಗ್ರಾಮ, ಪೆರ್ಡೂರು, ಹನುಮಗಿರಿ, ಪಾವಂಜೆ ಹೀಗೆ ಪಟ್ಟಿ ಬೆಳೆಯುತ್ತದೆ.

ಆಟಕ್ಕೆ ಹಣ ಬರುವ ದಾರಿಗಳು ಹಲವು. ಒಂದು ಊರು ಅಥವಾ ಮನೆತನ ಪ್ರತಿವರ್ಷ ತಪ್ಪದೆ ನಡೆಸುವುದು ಕಟ್ಟುಕಟ್ಟಳೆಯ ಆಟ. ಊರವರೆಲ್ಲ ವಂತಿಗೆ ಹಾಕಿ ಆಡಿಸಿದರೆ ‘ಹತ್ತು ಸಮಸ್ತರ’ ಆಟ. ಸ್ಥಳೀಯನೊಬ್ಬ ಮೇಳಕ್ಕೆ ಇಂತಿಷ್ಟು ಎಂದು ಕೊಟ್ಟು ಟಿಕೆಟು ಮಾರಿ ಲಾಭನಷ್ಟ ತಾನೇ ಹೊತ್ತರೆ ಕಾಂಟ್ರಾಕ್ಟ್ ಆಟ. ಶಾಲೆಯ ಕಟ್ಟಡಕ್ಕೋ ಕಾಯಿಲೆ ಬಿದ್ದವರ ಚಿಕಿತ್ಸೆಗೋ ನಡೆಸುವ ಸಹಾಯಾರ್ಥ ಆಟಗಳೂ ಉಂಟು. ಇವೆಲ್ಲಕ್ಕಿಂತ ದೊಡ್ಡದು, ಇಡೀ ವ್ಯವಸ್ಥೆಯನ್ನು ಎತ್ತಿಹಿಡಿದಿರುವುದು, ಹರಕೆಯ ಆಟ.

ಹರಕೆ

ಹರಕೆಯಾಟದ ಲೆಕ್ಕ ಮಾಮೂಲಿ ವ್ಯಾಪಾರದ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗದವರು, ಜಾಗದ ವ್ಯಾಜ್ಯದಲ್ಲಿ ಸುಸ್ತಾದವರು, ಮುಂಬಯಿಯಲ್ಲಿ ಹೋಟೆಲು ಹಾಕಿ ಕೈ ಸುಟ್ಟುಕೊಂಡವರು ‘ಅಮ್ಮಾ, ನಿನ್ನದೊಂದು ಆಟ ಆಡಿಸುತ್ತೇನೆ’ ಎಂದು ಹೇಳಿಕೊಳ್ಳುತ್ತಾರೆ. ಕೆಲಸ ಕೈಗೂಡಿದ ಮೇಲೆ ದೇವಸ್ಥಾನಕ್ಕೆ ಹೋಗಿ ಹೆಸರು ಬರೆಸುತ್ತಾರೆ. ಕಟೀಲು, ಮಂದಾರ್ತಿಗಳಲ್ಲಿ ಹೀಗೆ ಹೆಸರು ಬರೆಸಿದವರ ಸರದಿ ಹತ್ತು ವರ್ಷಕ್ಕೂ ಆಚೆಗೆ ಚಾಚಿಕೊಂಡಿದೆ. ಹರಕೆ ಹೊತ್ತವರು ತೀರಿಕೊಂಡು ಮಗನೋ ಮೊಮ್ಮಗಳೋ ಆಟ ಆಡಿಸುವುದು ಅಪರೂಪವೇನಲ್ಲ. ಹತ್ತು ವರ್ಷದ ಗಿರಾಕಿಗಳ ಪಟ್ಟಿ ಕೈಯಲ್ಲಿಟ್ಟುಕೊಂಡು ಅಂಗಡಿ ತೆರೆಯುವ ರಂಗತಂಡ ಬೇರೆ ಎಲ್ಲಾದರೂ ಇದ್ದೀತೇ ಎಂಬ ಅನುಮಾನ ಇಲ್ಲಿ ಸಹಜ.

ಇದರಿಂದ ಆದ ಅನುಕೂಲ ದೊಡ್ಡದು. ಆಟ ನೋಡುವವರು ಕಾಸು ಕೊಡಬೇಕಾಗಿಲ್ಲ. ಮಳೆಯೋ ಪರೀಕ್ಷೆಯೋ ಕ್ರಿಕೆಟ್ಟೋ ಬಂದು ಜನ ಕಡಿಮೆಯಾದರೂ ಮೇಳದ ಗಳಿಕೆಗೆ ಪೆಟ್ಟಿಲ್ಲ. ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಲ್ಲಿ ಗಳಿಸಿದ ಹಣ ಹರಕೆಯ ನೆಪದಲ್ಲಿ ಬಜಪೆ, ಬಾರಕೂರು, ಹೆಬ್ರಿ ಕಡೆಯ ಒಂದು ಹಳ್ಳಿಗೆ ಬಂದು ಒಂದೇ ದಿನದಲ್ಲಿ ಖರ್ಚಾಗುತ್ತದೆ. ಮೇಳಕ್ಕೆ ಕೊಡುವ ವೀಳ್ಯ ಅದರಲ್ಲಿ ಒಂದು ಬಾಬತ್ತು ಮಾತ್ರ. ಚಪ್ಪರ, ವಿದ್ಯುದ್ದೀಪದ ಅಲಂಕಾರ, ಬಾಡಿಗೆ ಕುರ್ಚಿ, ಬಂದವರಿಗೆಲ್ಲ ಊಟ, ಊಟಕ್ಕೆ ಬಾಳೆಲೆ, ತೆಂಗಿನಕಾಯಿ, ತರಕಾರಿ, ಅಡುಗೆ ಭಟ್ಟರ ತಂಡ, ಬ್ಯಾಂಡು, ಹೂವು ಎಲ್ಲ ಸೇರಿ ವೀಳ್ಯವನ್ನು ಹಲವು ಪಟ್ಟು ಮೀರುತ್ತವೆ. ಈ ಪೈಕಿ ಹೆಚ್ಚಿನದು ಹತ್ತಿರದ ಪೇಟೆಯ ಆಚೆಗೆ ಹೋಗುವುದಿಲ್ಲ.

ಹೂವಿನ ಬಾಬತ್ತನ್ನೇ ಹತ್ತಿರದಿಂದ ನೋಡಬಹುದು. ಉಡುಪಿ ಜಿಲ್ಲೆಯ ಶಂಕರಪುರ ಮತ್ತು ಸುತ್ತಲಿನ ಊರುಗಳ ಮಲ್ಲಿಗೆಗೆ ‘ಉಡುಪಿ ಮಲ್ಲಿಗೆ’ ಎಂಬ ಹೆಸರಿನಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಇದನ್ನು ತೂಕದಲ್ಲಿ ಮಾರುವುದಿಲ್ಲ. 800 ಮೊಗ್ಗು ಸೇರಿ ಒಂದು ಚೆಂಡು, ನಾಲ್ಕು ಚೆಂಡು ಸೇರಿ ಒಂದು ಅಟ್ಟೆ. ನಸುಕಿನಲ್ಲಿ ಕೊಯ್ದ ಮೊಗ್ಗನ್ನು ಹೆಂಗಸರು ಮನೆಯ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟಿ ಮಧ್ಯಾಹ್ನದೊಳಗೆ ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಹದಿನೈದು-ಇಪ್ಪತ್ತು ಗಿಡ ಹಾಕಿಕೊಂಡ ಮನೆಗೂ ಇದು ಕೈಖರ್ಚಿನ ದಾರಿ. ಮದುವೆ, ನಾಗಾರಾಧನೆ, ನೇಮಗಳ ಜೊತೆಗೆ ಆಟದ ಹಂಗಾಮೂ ಕೂಡಿದ ದಿನ ಅಟ್ಟೆಯ ದರ ಏರುತ್ತದೆ. ‘ಶ್ರೀ ದೇವಿ ಮಹಾತ್ಮೆ’ ಆಡುವ ರಾತ್ರಿ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ದೇವರ ಕಿರೀಟಕ್ಕೂ ರಂಗದಲ್ಲಿ ದೇವಿಯ ವೇಷಕ್ಕೂ ಏರುವ ಮಲ್ಲಿಗೆಯನ್ನು ಲೆಕ್ಕ ಹಾಕುತ್ತಾ ಕೂತರೆ ಅಟ್ಟೆ ಸಾಲದು.

ಹರಕೆಗೆ ಇನ್ನೊಂದು ಮುಖವಿದೆ. ಮೇಳಗಳ ಬಗ್ಗೆ ಬರೆಯುವವರು ಅದನ್ನು ಬೇಗ ದಾಟಿಬಿಡುತ್ತಾರೆ. ಹರಕೆ ಹೊತ್ತವನು ಕೊಡುವುದು ದೇವರಿಗೆ. ಭಾಗವತ ಯಾರು, ಎರಡನೇ ವೇಷ ಯಾರದು ಎಂಬುದು ಅವನಿಗೆ ಮುಖ್ಯವಲ್ಲ. ಹಾಗಾಗಿ ಕಲಾವಿದನ ಹೆಸರಿಗೆ ಬೆಲೆ ಕಟ್ಟುವ ಮಾರುಕಟ್ಟೆ ಹರಕೆ ಮೇಳದಲ್ಲಿ ಹುಟ್ಟುವುದು ಕಷ್ಟ. ಅದೇ ನಾಲ್ಕೈದು ಕ್ಷೇತ್ರಮಹಾತ್ಮೆ ಮತ್ತು ಪುರಾಣ ಪ್ರಸಂಗಗಳು ವರ್ಷವಿಡೀ ಸುತ್ತುತ್ತವೆ. ಕೆಲಸ ಖಾತ್ರಿಯಿದೆ, ಚೌಕಾಸಿಗೆ ಆಸ್ಪದವಿಲ್ಲ.

ಡೇರೆ

ಚೌಕಾಸಿಗೆ ಆಸ್ಪದ ಸಿಕ್ಕಿದ್ದು ಡೇರೆ ಮೇಳಗಳಲ್ಲಿ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಸುತ್ತ ಪರದೆ ಕಟ್ಟಿ, ಒಳಗೆ ನೆಲ ಮತ್ತು ಕುರ್ಚಿಗೆ ಬೇರೆ ಬೇರೆ ದರ ಇಟ್ಟು ಆಡುವ ಪದ್ಧತಿ ಬೇರೂರಿತು. ಅಷ್ಟರವರೆಗೆ ಆಟಕ್ಕೆ ಆಸರೆಯಾಗಿದ್ದವರು ಬೀಡು, ಗುತ್ತುಗಳ ಜಮೀನುದಾರರು ಮತ್ತು ದೇವಸ್ಥಾನಗಳು. 1974ರ ಭೂಸುಧಾರಣೆ ಕಾನೂನು ಗೇಣಿದಾರನಿಗೆ ಭೂಮಿ ಕೊಟ್ಟಿತು. ಗೇಣಿಯ ಭತ್ತದ ಬಲದಿಂದ ಆಟ ಆಡಿಸುತ್ತಿದ್ದ ಮನೆಗಳು ಹಿಂದೆ ಸರಿದವು. ಆ ಜಾಗಕ್ಕೆ ಒಂದು ಕಡೆಯಿಂದ ಟಿಕೆಟು, ಇನ್ನೊಂದು ಕಡೆಯಿಂದ ನಿನ್ನೆಯ ಗೇಣಿದಾರನದೇ ಹರಕೆ ಬಂದವು.

ಡೇರೆ ಮೇಳದ ಯಜಮಾನನಿಗೆ ಹೊಸತು ಬೇಕು. ಸುರತ್ಕಲ್ ಮೇಳ ಶೇಣಿ ಗೋಪಾಲಕೃಷ್ಣ ಭಟ್ಟರಂಥ ಮಾತುಗಾರರ ಹೆಸರಿನಲ್ಲಿ ಜನ ಸೇರಿಸಿತು. ಕರ್ನಾಟಕ ಮೇಳ ತುಳು ಪ್ರಸಂಗಗಳಿಂದ ಗೆದ್ದಿತು. ಬಡಗಿನಲ್ಲಿ ಸಾಲಿಗ್ರಾಮ ಮೇಳದ ಭಾಗವತ ಕಾಳಿಂಗ ನಾವಡರು (1958–1990) ತಮ್ಮ ಕಂಠದಿಂದಲೂ ‘ನಾಗಶ್ರೀ’ಯಂಥ ಸ್ವಂತ ಪ್ರಸಂಗದಿಂದಲೂ ಯುವಕರನ್ನು ಡೇರೆಗೆ ಎಳೆದರು, ಅವರ ಪದ್ಯಗಳ ಕ್ಯಾಸೆಟ್ಟುಗಳು ಕುಂದಾಪುರದ ಬಸ್ಸುಗಳಲ್ಲೂ ಮುಂಬಯಿಯ ಹೋಟೆಲು ಗಲ್ಲಾಗಳಲ್ಲೂ ಮೊಳಗಿದವು. ಕಲಾವಿದರಿಗೆ ಮುಂಗಡ ಕೊಟ್ಟು ಮೇಳದಿಂದ ಮೇಳಕ್ಕೆ ಸೆಳೆಯುವ ಪೈಪೋಟಿ ಜೋರಾಗಿದ್ದು ಈ ಕಾಲದಲ್ಲಿ. ಆಮೇಲೆ ಟೀವಿ ಬಂತು, ವೀಡಿಯೊ ಬಂತು. ಸುರತ್ಕಲ್, ಕರ್ನಾಟಕ ಮೇಳಗಳೂ ಸೇರಿ ಹಲವು ಡೇರೆಗಳು ಮಡಚಿಕೊಂಡವು. ಸಾಲಿಗ್ರಾಮ, ಪೆರ್ಡೂರು ಮೇಳಗಳು ಪ್ರತಿ ತಿರುಗಾಟಕ್ಕೆ ಹೊಸ ಪ್ರಸಂಗ ಬರೆಸಿಕೊಂಡು ಉಳಿದವು. ಪ್ರಸಂಗಕರ್ತನಿಗೆ ಸಂಭಾವನೆ ಎಂಬುದೊಂದು ಇದ್ದರೆ ಅದು ಬಹುಮಟ್ಟಿಗೆ ಇವುಗಳ ಕೊಡುಗೆ.

ಹಕ್ಕಿನ ಪ್ರಶ್ನೆ ಕೋರ್ಟಿಗೂ ಹೋದದ್ದುಂಟು. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ನೃತ್ಯರೂಪಕಗಳನ್ನು ಅವರ ಕಾಲಾನಂತರ ಯಾರು ಆಡಿಸಬಹುದು ಎಂಬ ವ್ಯಾಜ್ಯ ಉಡುಪಿಯಿಂದ ಸುಪ್ರೀಂ ಕೋರ್ಟಿನವರೆಗೆ ನಡೆಯಿತು. 2009ರಲ್ಲಿ ಬಂದ ತೀರ್ಪು ಉಯಿಲಿನ ಪ್ರಕಾರ ಹಕ್ಕು ಪಡೆದವರ ಪರವಾಗಿತ್ತು. ಕೃತಿಸ್ವಾಮ್ಯ ಕಾಯ್ದೆಯೇ ವಿನಾಯಿತಿ ಕೊಟ್ಟಿರುವ, ಲಾಭಕ್ಕಲ್ಲದ ಪ್ರದರ್ಶನಗಳಿಗೆ ಈ ತಡೆ ತಾಗದು ಎಂಬ ವಿವರಣೆಯೂ ಅದರಲ್ಲಿತ್ತು. ಜನಪದದ್ದು ಎಂದುಕೊಂಡ ಕಲೆಯಲ್ಲಿ ಒಬ್ಬರ ಸ್ವತ್ತು ಎಲ್ಲಿ ಶುರುವಾಗುತ್ತದೆ ಎಂದು ಮೇಳಗಳು ಯೋಚಿಸುವಂತೆ ಮಾಡಿದ ಪ್ರಕರಣ ಇದು.

ಚೌಕಿ ಮತ್ತು ಅದರ ಹಿಂದಿನ ಕಸುಬುಗಳು

ಸಂಜೆ ಆರರ ಹೊತ್ತಿಗೆ ಚೌಕಿಯಲ್ಲಿ ಪೆಟ್ಟಿಗೆಗಳು ತೆರೆಯುತ್ತವೆ. ಯಾವ ವೇಷಧಾರಿ ಎಲ್ಲಿ ಕೂರಬೇಕೆಂಬುದು ಮೊದಲೇ ಗೊತ್ತು. ದೇವರ ಪೆಟ್ಟಿಗೆಯ ಆಚೀಚೆ ಹಿರಿಯರು, ತುದಿಯಲ್ಲಿ ಕೋಡಂಗಿ, ಬಾಲಗೋಪಾಲ ವೇಷದ ಹುಡುಗರು. ಬಣ್ಣದ ವೇಷದವನು ಎಲ್ಲರಿಗಿಂತ ಮೊದಲು ಕನ್ನಡಿ ಹಿಡಿಯಬೇಕು. ಅಕ್ಕಿಹಿಟ್ಟು, ಸುಣ್ಣ ಕಲಸಿದ ಹದವನ್ನು ಕಡ್ಡಿಯಲ್ಲಿ ಎತ್ತಿ ಮುಖದ ಮೇಲೆ ಮುಳ್ಳುಮುಳ್ಳಾಗಿ ಚಿಟ್ಟಿ ಇಡಲು ಅವನಿಗೆ ಗಂಟೆಗಳೇ ಬೇಕು. ಅರದಾಳ, ಇಂಗಳೀಕ ಹೋಗಿ ಪೇಟೆಯ ಬಣ್ಣದ ಡಬ್ಬಿ ಬಂದಿದೆ. ಚಿಟ್ಟಿಗೆ ಮಾತ್ರ ಯಂತ್ರ ಬಂದಿಲ್ಲ.

ಹಗುರವಾದ ಮರದಲ್ಲಿ ಕೆತ್ತಿ, ಬೇಗಡೆ ಅಂಟಿಸಿ, ಕನ್ನಡಿ ಚೂರು ಕೂರಿಸಿದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳನ್ನು ಮಾಡುವ ಮನೆತನಗಳು ಕರಾವಳಿಯಲ್ಲಿ ಬೆರಳೆಣಿಕೆಯವು. ಹಲಸಿನ ಮರದ ಚೆಂಡೆ, ಮದ್ದಳೆಗೆ ಮುಚ್ಚಿಗೆ ಹಾಕುವವರು ಇನ್ನೂ ಕಡಿಮೆ. ಆದರೆ ಶಾಲಾ ವಾರ್ಷಿಕೋತ್ಸವ, ಮಹಿಳಾ ತಂಡ, ಕಾಲೇಜು ಸ್ಪರ್ಧೆಗಳು ಹೆಚ್ಚಿದ ಮೇಲೆ ವೇಷಭೂಷಣ ಬಾಡಿಗೆಗೆ ಕೊಡುವುದು ಸ್ವತಂತ್ರ ಉದ್ಯೋಗವಾಗಿದೆ. ಬಾಡಿಗೆಯ ಜೊತೆಗೆ ಬಣ್ಣ ಹಚ್ಚುವವರು, ವೇಷ ಕಟ್ಟುವವರೂ ಬರುತ್ತಾರೆ. ಉಡುಪಿಯ ಶಾಲೆಗಳಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ನಡೆಸುವ ತರಬೇತಿಯಂಥ ಏರ್ಪಾಡುಗಳು ಹೆಜ್ಜೆ ಕಲಿಸುವ ಗುರುಗಳಿಗೆ ಸಂಭಾವನೆ ತಂದುಕೊಟ್ಟಿವೆ. ಇದಕ್ಕೆ ಮೇಲ್ಪಂಕ್ತಿ ಹಾಕಿದವು 1971ರಲ್ಲಿ ಉಡುಪಿಯ ಎಂಜಿಎಂ ಕಾಲೇಜಿನ ಆಶ್ರಯದಲ್ಲಿ ಆರಂಭವಾದ ಯಕ್ಷಗಾನ ಕೇಂದ್ರ, ಮತ್ತು 1934ರಲ್ಲಿ ಹುಟ್ಟಿದ ಇಡಗುಂಜಿ ಮೇಳದ ಕೆರೆಮನೆ ಶಂಭು ಹೆಗಡೆಯವರು ಗುಣವಂತೆಯಲ್ಲಿ ಕಟ್ಟಿದ ಶಿಕ್ಷಣ ಕೇಂದ್ರ.

ಪ್ರಸಂಗ ಪುಸ್ತಕಗಳ ಮುದ್ರಣಕ್ಕೆ ಉಡುಪಿಯ ಪಾವಂಜೆ ಗುರುರಾವ್ ಸಂಸ್ಥೆ ಹೆಸರಾಗಿತ್ತು. ಪುಸ್ತಕದ ಜಾಗವನ್ನು ಈಗ ಮೊಬೈಲು ಹಿಡಿದಿದೆ. ಯೂಟ್ಯೂಬಿಗೆ ನೇರಪ್ರಸಾರ ಮಾಡುವ ಕ್ಯಾಮೆರಾದವರು ಮೇಳದ ಪಟ್ಟಿಯಲ್ಲಿಲ್ಲದ ಹೊಸ ಕಸುಬುದಾರರು.

ಕಾಲಮಿತಿ

1966ರಲ್ಲಿ ವಿಲಿಯಂ ಬೌಮಲ್, ವಿಲಿಯಂ ಬೋವೆನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ರಂಗಕಲೆಗಳ ಒಂದು ತೊಡಕನ್ನು ಗುರುತಿಸಿದರು. ಕಾರ್ಖಾನೆಯಲ್ಲಿ ಯಂತ್ರ ಬಂದಂತೆ ಒಬ್ಬನ ಉತ್ಪಾದನೆ ಹೆಚ್ಚುತ್ತದೆ, ಕೂಲಿಯೂ ಏರುತ್ತದೆ; ನಾಲ್ವರು ನುಡಿಸುವ ಸಂಗೀತಕ್ಕೆ ಇನ್ನೂರು ವರ್ಷದ ನಂತರವೂ ನಾಲ್ವರೇ ಬೇಕು, ಆದರೆ ಅವರ ಕೂಲಿ ಹೊರಗಿನ ಲೋಕದ ಸಮಕ್ಕೆ ಏರಲೇಬೇಕು. ಮೇಳದ್ದೂ ಇದೇ ಪಾಡು. ಗದಾಯುದ್ಧಕ್ಕೆ ಭೀಮ, ಕೌರವ ಇಬ್ಬರನ್ನೂ ಸಾಕಬೇಕು. ಮೇಳಗಳು ಕಂಡುಕೊಂಡ ಉಪಾಯವೆಂದರೆ ರಾತ್ರಿಯನ್ನು ಮೊಟಕು ಮಾಡುವುದು.

ಕಾಲಮಿತಿ ಆಟಕ್ಕೆ ಕಾನೂನಿನ ಒತ್ತಡವೂ ಸೇರಿತು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸುತ್ತವೆ. ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು. ವರ್ಷಕ್ಕೆ 180 ರಾತ್ರಿ ಆಡುವ ಮೇಳಕ್ಕೆ 15 ದಿನ ಯಾವ ಮೂಲೆಗೆ? ಬೆಳಗಿನವರೆಗಿನ ಆಟ ಹಲವೆಡೆ ಸಂಜೆ ಶುರುವಾಗಿ ನಡುರಾತ್ರಿಯೊಳಗೆ ಮುಗಿಯುವಂತಾಯಿತು. ಹರಕೆಯ ಆಟ ಪೂರ್ಣರಾತ್ರಿಯೇ ಆಗಬೇಕೆಂಬ ಹಟ, ವಾದ, ಕೋರ್ಟಿನ ಅಲೆದಾಟ ಇದರ ಹಿಂದೆಯೇ ಬಂದವು.

ಇದರಲ್ಲಿ ಗಳಿಸಿದವರೂ ಕಳೆದುಕೊಂಡವರೂ ಇದ್ದಾರೆ. ಕಲಾವಿದರಿಗೆ ನಿದ್ದೆ ಸಿಕ್ಕಿತು; ಬ್ಯಾಂಕು, ಶಾಲೆಗಳಲ್ಲಿ ಕೆಲಸ ಇಟ್ಟುಕೊಂಡೇ ವೇಷ ಮಾಡುವವರು ಬಂದರು; ಮಕ್ಕಳನ್ನು ಕಟ್ಟಿಕೊಂಡು ಹೆಂಗಸರು ಆಟ ನೋಡಿ ಮನೆ ಸೇರುವಂತಾಯಿತು. ಕಳೆದುಕೊಂಡವನು ಸಂತೆಯವನು. ರಾತ್ರಿ ಎರಡು ಗಂಟೆಗೆ ನಿದ್ದೆ ತಡೆಯಲಾರದೆ ಎದ್ದು ಬರುವ ಪ್ರೇಕ್ಷಕನಿಗೆ ಬಿಸಿ ಗೋಳಿಬಜೆ, ಚಾ, ಮಾವಿನಕಾಯಿ ಹೆರೆದು ತೆಂಗಿನೆಣ್ಣೆ ಹಾಕಿದ ಚರುಮುರಿ ಮಾರುತ್ತಿದ್ದವನ ವ್ಯಾಪಾರದ ಸಮಯವೇ ಅದಾಗಿತ್ತು. ಪ್ರಸಂಗದ ಬೆಳವಣಿಗೆಗೆ ಆದ ನಷ್ಟ ಕಲಾವಿಮರ್ಶೆಗೆ ಬಿಟ್ಟ ವಿಷಯ. ಸಂತೆಯ ನಷ್ಟವನ್ನು ಮಾತ್ರ ಯಾರೂ ವಾದಿಸಲಿಲ್ಲ.

ಕಲಾವಿದನ ವರ್ಷ

ಮಳೆಗಾಲದ ಆರು ತಿಂಗಳಿಗೆ ಪ್ರತಿಯೊಬ್ಬ ಕಲಾವಿದನದೂ ಒಂದೊಂದು ದಾರಿ. ತೋಟ-ಗದ್ದೆ ಇದ್ದವರು ಅದಕ್ಕೆ ಮರಳುತ್ತಾರೆ. ನಾಲ್ಕೈದು ಜನರ ಚಿಕ್ಕಮೇಳ ಕಟ್ಟಿಕೊಂಡು ಮುಸ್ಸಂಜೆ ಮನೆಮನೆಯ ಚಾವಡಿಯಲ್ಲಿ ತುಣುಕು ಪ್ರಸಂಗ ಆಡಿ ಕಾಣಿಕೆ ಪಡೆಯುವವರಿದ್ದಾರೆ. ಮಾತುಗಾರರಿಗೆ ವೇಷವಿಲ್ಲದೆ ಕೂತು ಅರ್ಥ ಹೇಳುವ ತಾಳಮದ್ದಳೆಯ ಕೂಟಗಳು. ಬಡಗಿನ ಕಡೆ ನವರಾತ್ರಿಗೆ ಮಕ್ಕಳನ್ನು ಕರೆದುಕೊಂಡು ಹೂವಿನಕೋಲು. ಹೆಸರಿದ್ದವರಿಗೆ ಮುಂಬಯಿ, ಬೆಂಗಳೂರು, ದುಬೈ, ಬಹರೇನ್ ಪ್ರವಾಸ. ಮುಂಬಯಿಯ ತುಳು-ಕನ್ನಡಿಗರ ಜಾತಿ ಸಂಘಗಳು, ಹೋಟೆಲಿನವರು ಮಳೆಗಾಲದ ಈ ಪ್ರವಾಸಗಳನ್ನು ತಲೆಮಾರುಗಳಿಂದ ಪೋಷಿಸಿದ್ದಾರೆ. ಹಾಸ್ಯಗಾರರು ಕೆಲವರು ತುಳು ನಾಟಕ, ಸಿನಿಮಾಗಳಿಗೆ ದಾಟಿಕೊಂಡರು.

ಹೆಂಗಸರಿಗೆ ವೃತ್ತಿಮೇಳದ ಬಾಗಿಲು ತಡವಾಗಿ ತೆರೆಯಿತು. ಲೀಲಾವತಿ ಬೈಪಾಡಿತ್ತಾಯರು ತೆಂಕಿನ ಮೇಳಗಳಲ್ಲಿ ಭಾಗವತಿಕೆ ಮಾಡಿ ಸಂಪಾದಿಸಿದ ಮೊದಲಿಗರು. ಹವ್ಯಾಸಿ ತಂಡಗಳಲ್ಲಿ ಹುಡುಗಿಯರ ಸಂಖ್ಯೆ ಈಗ ಗಂಡುಹುಡುಗರಿಗೆ ಸರಿಸಾಟಿಯಾಗಿದ್ದರೂ ತಿರುಗಾಟದ ಮೇಳದಲ್ಲಿ ಅವರಿಗೆ ವೇಷದ ಪೆಟ್ಟಿಗೆ ಸಿಕ್ಕಿಲ್ಲ.

ಅಪಾಯದ ಪಾಲೂ ಈ ಕಸುಬಿಗೆ ದೊಡ್ಡದು. ಆಟ ಮುಗಿಸಿ ನಿದ್ದೆಗಣ್ಣಿನಲ್ಲಿ ಬೈಕು ಓಡಿಸಿಕೊಂಡು ಮನೆಗೆ ಹೊರಟವರು ದಾರಿಯಲ್ಲಿ ಬಿದ್ದ ಸುದ್ದಿ ಪ್ರತಿ ತಿರುಗಾಟದಲ್ಲೂ ಬರುತ್ತದೆ. ಕಾಳಿಂಗ ನಾವಡರೂ ರಸ್ತೆ ಅಪಘಾತದಲ್ಲಿ, ಮೂವತ್ತೆರಡರ ಹರೆಯದಲ್ಲಿ ಹೋದರು. ಮೇಳದ ಸಂಬಳದಲ್ಲಿ ಇಂಥದಕ್ಕೆ ಅವಕಾಶವಿಲ್ಲದ್ದರಿಂದ ಹೊರಗಿನ ಸಂಸ್ಥೆಗಳು ಮುಂದಾಗಬೇಕಾಯಿತು. 1975ರಲ್ಲಿ ಆರಂಭವಾದ ಉಡುಪಿಯ ಯಕ್ಷಗಾನ ಕಲಾರಂಗ ಕಲಾವಿದರಿಗೆ ವಿಮೆ, ಮನೆ ಕಟ್ಟಲು ನೆರವು, ಮಕ್ಕಳ ಓದಿಗೆ ವಿದ್ಯಾರ್ಥಿವೇತನ ಕೊಡುತ್ತಿದೆ. ಭಾಗವತ ಪಟ್ಲ ಸತೀಶ್ ಶೆಟ್ಟರು 2015ರಲ್ಲಿ ಕಟ್ಟಿದ ಯಕ್ಷಧ್ರುವ ಪಟ್ಲ ಫೌಂಡೇಶನ್ ಊರಿನ, ಹೊರದೇಶದ ಅಭಿಮಾನಿಗಳಿಂದ ಹಣ ಕೂಡಿಸಿ ಅದೇ ಕೆಲಸ ಮಾಡುತ್ತದೆ. ವಯಸ್ಸಾದ ಕಲಾವಿದರಿಗೆ ರಾಜ್ಯ ಸರ್ಕಾರದ ಮಾಸಾಶನವಿದೆ.

ಈ ಜಾಲ ಎಷ್ಟು ತೆಳುವಾದುದೆಂಬುದು 2020ರ ಮಾರ್ಚಿನಲ್ಲಿ ಗೊತ್ತಾಯಿತು. ಕೊರೋನಾ ತಡೆಗೆ ಲಾಕ್‌ಡೌನ್ ಬಂದಾಗ ಪತ್ತನಾಜೆಗೆ ಇನ್ನೂ ಎರಡು ತಿಂಗಳಿತ್ತು. ಮೇಳಗಳು ನಿಂತಲ್ಲೇ ಗೆಜ್ಜೆ ಬಿಚ್ಚಿದವು. ಹರಕೆ ಹೊತ್ತವರ ಆಟ ಮುಂದಕ್ಕೆ ಹೋಯಿತು, ರದ್ದಾಗಲಿಲ್ಲ. ದಿನದ ಲೆಕ್ಕದಲ್ಲಿ ದುಡಿಯುವವರ ದಿನಗಳು ಮಾತ್ರ ಮರಳಿ ಬರಲಿಲ್ಲ. ಅಕ್ಕಿ, ಬೇಳೆಯ ಕಿಟ್ಟು ಹೊತ್ತು ಕಲಾವಿದರ ಮನೆ ಹುಡುಕಿದವರು ಅಭಿಮಾನಿ ಬಳಗದವರು.

ಕ್ಷೇತ್ರದ ಮೇಳಗಳಲ್ಲಿ ಸರದಿಯ ಪಟ್ಟಿ ಈಗಲೂ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ. ಪತ್ತನಾಜೆಯ ಸೇವೆಯಾಟ ಮುಗಿದು ದೇವರ ಕಿರೀಟ ಗರ್ಭಗುಡಿಯ ಕಡೆಗೆ, ಪೆಟ್ಟಿಗೆಗಳು ಉಗ್ರಾಣಕ್ಕೆ ಹೋದ ಮೇಲೆ ಹೆಚ್ಚಿನ ಮೇಳಗಳ ಕಲಾವಿದರಿಗೆ ಮುಂದಿನ ಸಂಬಳ ಬರುವುದು ನವೆಂಬರಿನಲ್ಲಿ.